ಡಿವಿಡಿಗೆ ಹಾಕಿದ ಬೀಗ ಯಾರಿಗಾಗಿ?

ಒಟಿಟಿ ಆ್ಯಪ್‌ನಲ್ಲಿ ಸಿನಿಮಾ ನೋಡುತ್ತಾ ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು ಚೌಕ ಬರುತ್ತದೆ. "ಪೈರಸಿ ತಡೆಯೋಕೆ ಹಾಗೆ ಮಾಡಿದ್ದಾರೆ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಸಿನಿಮಾ ಕಳ್ಳ ಸೈಟುಗಳಲ್ಲಿ ಚೆನ್ನಾಗಿಯೇ ಸಿಗುತ್ತದೆ, ಅಲ್ವಾ? ಹಾಗಾದರೆ ಈ ಬೀಗ ತಡೆದದ್ದು ಯಾರನ್ನು? ಇದು ಅರ್ಥವಾಗಬೇಕಾದರೆ ಡಿವಿಡಿ ಕಾಲಕ್ಕೆ ಹೋಗಬೇಕು.

ಡಿವಿಡಿ ಪ್ಲೇಯರ್‌ಗಳು ಜಪಾನಿನ ಅಂಗಡಿಗೆ ಬಂದದ್ದು 1996ರಲ್ಲಿ. ಸಿನಿಮಾ ಕಂಪನಿಗಳು ಡಿಸ್ಕಿನ ಮೇಲಿನ ವಿಡಿಯೋವನ್ನು ಸಿಎಸ್‌ಎಸ್ ಎಂಬ ಗೂಢಲಿಪಿಯಲ್ಲಿ ಬರೆಸಿದವು. ಪರವಾನಗಿ ಪಡೆದ ಪ್ರತಿ ತಯಾರಕನಿಗೂ ಒಂದೊಂದು ಕೀಲಿ. ಡಿಸ್ಕನ್ನು ಬಿಡಿಸುವ ಕೀಲಿಯ 400ಕ್ಕೂ ಹೆಚ್ಚು ಪ್ರತಿಗಳು ಡಿಸ್ಕಿನ ಮೇಲೇ ಇರುತ್ತವೆ. ಒಂದೊಂದು ಪ್ರತಿಗೂ ಬೇರೆ ಬೇರೆ ಪ್ಲೇಯರ್ ಕೀಲಿಯ ಬೀಗ. ಪ್ಲೇಯರ್ ತನ್ನ ಕೀಲಿಗೆ ಹೊಂದುವ ಪ್ರತಿಯನ್ನು ಹುಡುಕಿ ತೆರೆಯುತ್ತದೆ.

ತೊಡಕು ಶುರುವಾಗುವುದೇ ಇಲ್ಲಿ. ಬ್ಯಾಂಕಿನ ಜೊತೆ ನಿಮ್ಮ ಫೋನ್ ಮಾತಾಡುವಾಗ ನೀವು ಮತ್ತು ಬ್ಯಾಂಕ್ ಒಂದು ಕಡೆ, ಕದ್ದು ಕೇಳುವವನು ಇನ್ನೊಂದು ಕಡೆ. ಅವನ ಹತ್ತಿರ ಕೀಲಿ ಇಲ್ಲ. ಡಿವಿಡಿಯಲ್ಲಿ ಸಿನಿಮಾ ನೋಡಬೇಕಾದವನೂ ನೀವೇ, ಕಂಪನಿ ಅನುಮಾನಿಸುವುದೂ ನಿಮ್ಮನ್ನೇ. ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ಅದೇ ಪೆಟ್ಟಿಗೆಯ ತಳಕ್ಕೆ ಅಂಟಿಸಿ ನಿಮ್ಮ ಮನೆಗೆ ಕಳಿಸಿದ ಹಾಗೆ. "ಕೀಲಿ ಇನ್ನೂ ಉದ್ದ ಇದ್ದಿದ್ದರೆ ಒಡೆಯೋಕೆ ಆಗ್ತಿರಲಿಲ್ಲ" ಎನ್ನುವವರು ಈ ಮಾತನ್ನು ಮರೆಯುತ್ತಾರೆ. ಎಷ್ಟೇ ಉದ್ದದ ಕೀಲಿ ಮಾಡಿ, ಅದು ಇರುವುದು ಕೊಂಡವನ ಮನೆಯಲ್ಲೇ.

ಹಾಗಂತ ಸಿಎಸ್‌ಎಸ್ ಕೀಲಿ ಉದ್ದವಾಗೇನೂ ಇರಲಿಲ್ಲ. ಬರೀ 40 ಬಿಟ್, ಅಂದರೆ 40 ಸೊನ್ನೆ-ಒಂದುಗಳು. ಒಟ್ಟು ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡದು, ಆದರೆ ಒಳಗಿನ ಜೋಡಣೆ ನೋಡಿ. ಈ 40 ಬಿಟ್‌ಗಳನ್ನು 16 ಮತ್ತು 24 ಎಂದು ಎರಡು ಭಾಗ ಮಾಡಿ ಎರಡು ಪುಟ್ಟ ರಿಜಿಸ್ಟರ್‌ಗಳಿಗೆ (ಬಿಟ್‌ಗಳನ್ನು ಹಿಡಿದಿಡುವ ಖಾನೆಗಳಿಗೆ) ತುಂಬುತ್ತಾರೆ. ಎರಡೂ ತಮ್ಮ ಪಾಡಿಗೆ ಸಂಖ್ಯೆಗಳನ್ನು ಉಗುಳುತ್ತಾ ಹೋಗುತ್ತವೆ. ಅವನ್ನು ಕೂಡಿಸಿ, ಬಂದ ಮೊತ್ತದಿಂದ ವಿಡಿಯೋವನ್ನು ಮರೆಮಾಡುತ್ತಾರೆ. ವಿಡಿಯೋ ಫೈಲಿನ ಕೆಲವು ಜಾಗಗಳಲ್ಲಿ ಏನಿರುತ್ತದೆ ಎಂದು ಮೊದಲೇ ಊಹಿಸಬಹುದು, ಹಾಗಾಗಿ ಅಲ್ಲಿ ಮೊತ್ತ ಎಷ್ಟೆಂದು ತಿಳಿಯುತ್ತದೆ. ಈಗ ಚಿಕ್ಕ ರಿಜಿಸ್ಟರ್‌ನಲ್ಲಿ ಏನಿದೆ ಎಂದು ಒಂದು ಊಹೆ ಮಾಡಿ. ಅದರ ಸಂಖ್ಯೆಗಳನ್ನು ಮೊತ್ತದಿಂದ ಕಳೆಯಿರಿ. ಉಳಿದದ್ದು ದೊಡ್ಡ ರಿಜಿಸ್ಟರ್‌ನದು! ಅದರ ಮೊದಲ ಕೆಲವು ಸಂಖ್ಯೆಗಳಿಂದ ಮುಂದಿನವು ಏನಾಗಬೇಕೆಂದು ಲೆಕ್ಕ ಹಾಕಬಹುದು. ತಾಳೆಯಾಗದಿದ್ದರೆ ಮುಂದಿನ ಊಹೆ. ಚಿಕ್ಕದಕ್ಕೆ ಇರುವುದು 65,536 ಊಹೆಗಳು ಮಾತ್ರ. ಲಕ್ಷ ಕೋಟಿಯ ಲೆಕ್ಕ ಅರವತ್ತೈದು ಸಾವಿರಕ್ಕೆ ಇಳಿಯಿತು. ಒಂದು ಕೂಡುವ ಲೆಕ್ಕವನ್ನು ತಿರುಗಿಸಿ ಕಳೆಯುವ ಲೆಕ್ಕ ಮಾಡಿದ್ದಷ್ಟೇ. ಇದು ನನಗೆ ತುಂಬಾ ಇಷ್ಟವಾದ ಲೆಕ್ಕ.

ಆದರೆ ಬೀಗ ಮೊದಲು ಒಡೆದದ್ದು ಈ ಲೆಕ್ಕದಿಂದಲ್ಲ. ಒಂದು ಸಾಫ್ಟ್‌ವೇರ್ ಪ್ಲೇಯರ್ ತನ್ನ ಕೀಲಿಯನ್ನು ಸರಿಯಾಗಿ ಮುಚ್ಚಿಟ್ಟಿರಲಿಲ್ಲ. 1999ರಲ್ಲಿ ಆ ಕೀಲಿ ಹೊರಬಂತು, ಸಿಎಸ್‌ಎಸ್ ಬೀಗ ಬಿಡಿಸುವ ಡಿಸಿಎಸ್‌ಎಸ್ ಎಂಬ ಪುಟ್ಟ ಪ್ರೋಗ್ರಾಂ ಊರೆಲ್ಲ ಹರಡಿತು. ಅದರ ಹಿಂದಿದ್ದವರಲ್ಲಿ ನಾರ್ವೆಯ ಯೋನ್ ಲೆಕ್ ಯೋಹಾನ್ಸೆನ್ ಒಬ್ಬ. ಆಗಿನ್ನೂ ಹದಿಹರೆಯದ ಹುಡುಗ. ಮೊಕದ್ದಮೆ ನಡೆಯಿತು. ಅವನು ಕೊಂಡ ಡಿಸ್ಕನ್ನು ಅವನೇ ನೋಡುವುದು ತಪ್ಪಲ್ಲ ಎಂದು ಕೆಳಗಿನ ಕೋರ್ಟು, ಮೇಲಿನ ಕೋರ್ಟು ಎರಡೂ 2003ರಲ್ಲಿ ಖುಲಾಸೆ ಮಾಡಿದವು.

ಇನ್ನು ಕಳ್ಳರ ವಿಷಯ. ಡಿಸ್ಕ್ ಅಚ್ಚು ಹಾಕುವ ಯಂತ್ರ ಇರುವವನಿಗೆ ಬೀಗ ಒಡೆಯುವ ಅಗತ್ಯವೇ ಇಲ್ಲ. ಕೀಲಿಯ ಭಾಗವನ್ನೂ ಸೇರಿಸಿ ಬಿಟ್‌ಗೆ ಬಿಟ್ ಅಚ್ಚು ಹಾಕಿದರೆ ಆ ನಕಲು ಅಸಲಿ ಡಿಸ್ಕ್ ಓಡುವ ಎಲ್ಲಾ ಪ್ಲೇಯರ್‌ಗಳಲ್ಲೂ ಓಡುತ್ತದೆ. ಮನೆಯಲ್ಲಿ ಬರೆಯುವ ಖಾಲಿ ಡಿಸ್ಕುಗಳಲ್ಲಿ ಮಾತ್ರ ಕೀಲಿಯ ಜಾಗ ಬರೆಯಲು ಆಗದಂತೆ ಮುಚ್ಚಿರುತ್ತಿತ್ತು. ಬೀಗದ ನಿಜವಾದ ಹಿಡಿತ ಇದ್ದದ್ದು ತಯಾರಕರ ಮೇಲೆ. ಕೀಲಿ ಬೇಕೆಂದರೆ ಕರಾರಿಗೆ ಸಹಿ ಹಾಕಬೇಕು. ವಲಯ ಸಂಖ್ಯೆ, ಅಂದರೆ ಡಿಸ್ಕು ಯಾವ ದೇಶಗಳಲ್ಲಿ ಓಡಬೇಕು ಎಂಬ ಗುರುತು, ಅದನ್ನು ಪಾಲಿಸಬೇಕೆಂದು ಕರಾರು ಹೇಳುತ್ತದೆ. ಅಮೆರಿಕ ವಲಯ 1, ಭಾರತ ವಲಯ 5. ಅಲ್ಲಿರುವ ಮಗಳು ದುಡ್ಡು ಕೊಟ್ಟು ಕೊಂಡು ತಂದ ವಲಯ 1ರ ಡಿಸ್ಕು ಇಲ್ಲಿ ಅಪ್ಪನ ವಲಯ 5ರ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಇದರಲ್ಲಿ ಪೈರಸಿ ಎಲ್ಲಿದೆ?

ಸೋನಿಯ ಕಥೆ ನೋಡಿ. ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಹಕ್ಕಿಗಾಗಿ ಹೋರಾಡಿ, 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5–4ರಿಂದ ಗೆದ್ದದ್ದು ಇದೇ ಸೋನಿ. ಆಗ ಅದು ವಿಡಿಯೋ ರೆಕಾರ್ಡರ್ ಮಾರುವ ಕಂಪನಿ. ಆಮೇಲೆ ಸಂಗೀತ, ಸಿನಿಮಾ ಕಂಪನಿಗಳನ್ನೂ ಕೊಂಡಿತು. 2005ರಲ್ಲಿ, ಸೋನಿಯ ಪಾಲಿದ್ದ ಸಂಗೀತ ಕಂಪನಿ ಸೋನಿ ಬಿಎಂಜಿಯ ಹಾಡಿನ ಸಿಡಿಗಳು ನಕಲು ತಡೆಯಲೆಂದು ಕಂಪ್ಯೂಟರಿನೊಳಗೆ ಗುಟ್ಟಾಗಿ ಅಡಗಿ ಕೂರುವ ಸಾಫ್ಟ್‌ವೇರ್ ಹಾಕುತ್ತಿರುವುದನ್ನು ಕಂಪ್ಯೂಟರ್ ತಜ್ಞ ಮಾರ್ಕ್ ರುಸಿನೋವಿಚ್ ಪತ್ತೆ ಹಚ್ಚಿದರು. ಕೆಲವೇ ದಿನಗಳಲ್ಲಿ ವೈರಸ್ ಬರೆಯುವವರೂ ಅದೇ ಮರೆಯಲ್ಲಿ ಅಡಗತೊಡಗಿದರು. ಕಂಪನಿ ಸಿಡಿಗಳನ್ನು ವಾಪಸ್ ತೆಗೆದುಕೊಂಡಿತು. ಅದಕ್ಕೆ ಬಲಿಯಾದದ್ದು ದುಡ್ಡು ಕೊಟ್ಟು ಕೊಂಡವರ ಕಂಪ್ಯೂಟರ್‌ಗಳು!

ಈಗ ಹಲವು ಫೋನ್‌ಗಳಲ್ಲಿ ಕೀಲಿ ಅಡಗಿರುವುದು ಚಿಪ್ಪಿನಲ್ಲಿ. ಗೂಗಲ್‌ನ ವೈಡ್‌ವೈನ್ ಎಂಬ ಬೀಗದಲ್ಲಿ ಎಲ್1, ಎಲ್3 ಎಂದು ಹಂತಗಳಿವೆ. ಎಲ್1 ಆದರೆ ಕೀಲಿ ಚಿಪ್ಪಿನ ಭದ್ರ ಜಾಗದಲ್ಲಿ, ಎಲ್3 ಆದರೆ ಬರೀ ಸಾಫ್ಟ್‌ವೇರ್‌ನಲ್ಲಿ. ಫೋನ್ ಎಲ್3 ಆದರೆ ಎಷ್ಟೇ ಒಳ್ಳೆ ಪರದೆ ಇದ್ದರೂ ಹಲವು ಒಟಿಟಿಗಳು ಎಚ್‌ಡಿ ಕೊಡುವುದಿಲ್ಲ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಹಾಗೆ ಇದನ್ನೂ ಕೇಳಿ.

ನಮ್ಮ ಕಾನೂನು ಈ ವಿಷಯದಲ್ಲಿ ಅಮೆರಿಕದ್ದಕ್ಕಿಂತ ಮೆದು. ಅಲ್ಲಿನ 1998ರ ಕಾಯ್ದೆಗೆ ಬೀಗ ಒಡೆಯುವುದೇ ತಪ್ಪು, ವಿನಾಯಿತಿ ಬೇಕಾದವರು ಮೂರು ವರ್ಷಕ್ಕೊಮ್ಮೆ ಕೇಳಬೇಕು. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ ಪ್ರಕಾರ, ಕೃತಿಯ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದರೆ ಮಾತ್ರ ಅಪರಾಧ. ಆದರೆ ಬೇರೊಬ್ಬರಿಗೆ ಬೀಗ ಬಿಡಿಸಲು ನೆರವಾಗುವವರು, ನೆರವು ಪಡೆದವರ ಹೆಸರು, ವಿಳಾಸ, ಕಾರಣ ಎಲ್ಲವನ್ನೂ ದಾಖಲೆ ಇಡಬೇಕು ಎನ್ನುತ್ತದೆ ಅದೇ ಕಲಂ. ಕಣ್ಣು ಕಾಣದ ಓದುಗರೊಬ್ಬರು ತಾವು ಕೊಂಡ ಇ-ಪುಸ್ತಕವನ್ನು ಓದಿ ಹೇಳುವ ಸಾಫ್ಟ್‌ವೇರ್‌ಗೆ ಹೊಂದಿಸಿಕೊಳ್ಳಲು ಯಾರ ನೆರವನ್ನಾದರೂ ಪಡೆದರೆ, ಆ ಓದುಗರ ಹೆಸರೂ ಆ ದಾಖಲೆಯಲ್ಲಿ ಇರಬೇಕಾಗುತ್ತದೆ.