ಬೈಟ್ ದ ಬುಲೆಟ್: ‘ಮಾಡಿಯೇ ಬಿಟ್ಟೆ’ ಎನ್ನುವಲ್ಲಿ ಮಾತ್ರ

ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಭಾಗಕ್ಕೆ ನನ್ನ ಹಾಗೆ ಉಡುಪಿಯಲ್ಲಿ ಕೂತು ಓದುತ್ತಿರುವವರಿಗಾಗಿ ಈ ಟಿಪ್ಪಣಿ. ‘ಬೈಟ್ ದ ಬುಲೆಟ್’ ಅಂದರೆ ಕಷ್ಟವನ್ನು ಧೈರ್ಯದಿಂದ ಎದುರಿಸುವುದು ಎಂದು ಗೈಡುಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಹೊಂದಿಸಿ ಬರೆಯುವ ಪ್ರಶ್ನೆಗೆ ಅಷ್ಟು ಸಾಕು. ಆದರೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ‘ಗ್ರಿನ್ ಆ್ಯಂಡ್ ಬೇರ್ ಇಟ್’, ‘ಫೇಸ್ ದ ಮ್ಯೂಸಿಕ್’, ‘ಬೈಟ್ ದ ಬುಲೆಟ್’ ಮೂರೂ ಒಟ್ಟಿಗೆ ಬಂದರೆ ಆ ಸಾಲಿನಿಂದ ಎಂತ ಉಪಯೋಗವೂ ಇಲ್ಲ. ಮೂರರಲ್ಲೂ ಕಷ್ಟ ಉಂಟು, ಮೂರರಲ್ಲೂ ಧೈರ್ಯ ಬೇಕು.

ಮೂಲದ ಕಥೆ

ಸಿಪಾಯಿಗಳು ಗುಂಡು ಕಚ್ಚುವ ಸಂಗತಿ ಫ್ರಾನ್ಸಿಸ್ ಗ್ರೋಸ್ ಅವರ ಆಡುಮಾತಿನ ನಿಘಂಟಿನ 1796ರ ಮುದ್ರಣದಲ್ಲಿ, ‘ನೈಟಿಂಗೇಲ್’ ಎಂಬ ಪದದ ವಿವರಣೆಯಲ್ಲಿದೆ. ಚಾಟಿಯೇಟು ಬೀಳುವಾಗ ಕೂಗಿಕೊಳ್ಳುವ ಸಿಪಾಯಿಗೆ ಆ ಹಾಡುಹಕ್ಕಿಯ ಹೆಸರು. ಕೆಲವು ಪಡೆಗಳ ಗ್ರೆನೇಡಿಯರ್‌ಗಳಿಗೆ ಕೂಗದೆ ಇರುವುದೇ ಮರ್ಯಾದೆ. ಅದಕ್ಕಾಗಿ ಬಾಯಲ್ಲಿ ಗುಂಡು ಇಟ್ಟು ಜಗಿಯುತ್ತಿದ್ದರಂತೆ. ಆಗಿನ ಗುಂಡು ಸೀಸದ ಉಂಡೆ, ಲೋಹವಾದರೂ ಮೆದು.

1857ರ ದಂಗೆಯ ಕಾಡತೂಸನ್ನು ಹಲ್ಲಿನಿಂದ ಕಚ್ಚಿ ಹರಿಯುವ ಪ್ರಸಂಗದಿಂದ ಈ ಮಾತು ಹುಟ್ಟಿತು ಎಂಬ ಊಹೆಯೂ ಉಂಟು. ನಮಗೆ ಶಾಲೆಯಿಂದ ಗೊತ್ತಿರುವ ಕಥೆಯಾದ್ದರಿಂದ ಬೇಗ ಮನಸ್ಸಿಗೆ ಹಿಡಿಯುತ್ತದೆ. ಆದರೆ ಗ್ರೋಸ್ ನಿಘಂಟು ಅದಕ್ಕಿಂತ ಅರ್ಧ ಶತಮಾನಕ್ಕೂ ಹಿಂದಿನದು. 1846ರಲ್ಲಿ ಈಥರ್ ಅರಿವಳಿಕೆ ಬರುವ ಮುಂಚೆ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ಬಾಯಿಗೆ ಗುಂಡು ಕೊಡುತ್ತಿದ್ದರು ಎನ್ನುವ ಕಥೆಗೆ ಆಧಾರ ತೀರಾ ಕಡಿಮೆ. ತೊಗಲಿನ ಪಟ್ಟಿ ಕಚ್ಚಿಸುತ್ತಿದ್ದರು ಎನ್ನುವುದೇ ನಂಬುವಂಥದ್ದು. ಇನ್ನು, ಕಿಪ್ಲಿಂಗ್ ಅವರ 1891ರ ಕಾದಂಬರಿಯಲ್ಲಿ ಈ ಮಾತು ‘ಬೈಟ್ ಆನ್ ದ ಬುಲೆಟ್’ ಎಂದು ಬರುತ್ತದೆ. ಈಗ ಆ ‘ಆನ್’ ಉದುರಿಹೋಗಿದೆ, ಪರೀಕ್ಷೆಯಲ್ಲಿ ಹಾಕಬೇಡಿ.

ಮೂಲವನ್ನು ಇಷ್ಟು ಹೇಳಿದ್ದಕ್ಕೆ ಕಾರಣ, ಅದು ದಾರಿ ತಪ್ಪಿಸುತ್ತದೆ. ಚಾಟಿಯೇಟನ್ನು ಸಿಪಾಯಿ ತಾನಾಗಿ ಆರಿಸಿಕೊಂಡದ್ದಲ್ಲ, ಅವನು ಸಹಿಸಿದ್ದಷ್ಟೆ. ಇವತ್ತಿನ ಬಳಕೆಯಲ್ಲಿ ಅರ್ಥ ಸಹಿಸುವುದರಿಂದ ನಿರ್ಧರಿಸುವುದಕ್ಕೆ ಜರುಗಿದೆ. ಬೇಡವೆಂದು ಮುಂದೂಡುತ್ತಾ ಬಂದ ಕೆಲಸಕ್ಕೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಕೈ ಹಾಕುವುದು: ಇದೇ ಈಗಿನ ಬೈಟ್ ದ ಬುಲೆಟ್.

ನಮ್ಮ ಹಲ್ಲೇ ನಮಗೆ ಅಡ್ಡ

ಕನ್ನಡದಲ್ಲಿ ‘ಹಲ್ಲು ಕಚ್ಚಿ ಸಹಿಸಿಕೊಂಡ’ ಅಂತೇವೆ. ಅಲ್ಲೂ ಕಚ್ಚುವುದು, ಇಲ್ಲೂ ಕಚ್ಚುವುದು. ಹಾಗಾಗಿ ಎರಡೂ ಒಂದೇ ಎಂದು ಮನಸ್ಸು ತಾನೇ ತೀರ್ಮಾನಿಸಿಬಿಡುತ್ತದೆ. ಹಲ್ಲು ಕಚ್ಚಿ ಸಹಿಸುವುದು ದಿನಗಟ್ಟಲೆ, ವರ್ಷಗಟ್ಟಲೆ ನಡೆಯುವಂಥದ್ದು. ಅದಕ್ಕೆ ಹತ್ತಿರದ್ದು ‘ಗ್ರಿನ್ ಆ್ಯಂಡ್ ಬೇರ್ ಇಟ್’. ಬುಲೆಟ್ ಕಚ್ಚುವುದು ಒಂದು ಗಳಿಗೆಯ ಕೆಲಸ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಉಪಾಯ ಹೇಳುತ್ತೇನೆ. ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತನ್ನಿ. ಅದರ ಕೊನೆಗೆ ‘-ಯೇ ಬಿಟ್ಟೆ’, ‘-ಯೇ ಬಿಡುತ್ತೇನೆ’ ಸಹಜವಾಗಿ ಕೂತರೆ ಬೈಟ್ ದ ಬುಲೆಟ್. ‘ಸಹಿಸಿಕೊಂಡೆ’ ಕೂತರೆ ಗ್ರಿನ್ ಆ್ಯಂಡ್ ಬೇರ್ ಇಟ್. ‘ಮಾಡಿದ್ದನ್ನು ಅನುಭವಿಸಿದೆ’ ಕೂತರೆ ಫೇಸ್ ದ ಮ್ಯೂಸಿಕ್. ‘ಬೈಟ್’ನ ಭೂತಕಾಲ ‘ಬಿಟ್’. ಬಿಟ್ ದ ಬುಲೆಟ್, ಮಾಡಿಯೇ ಬಿಟ್ಟೆ. ಎರಡು ಭಾಷೆಗೂ ಸಂಬಂಧವಿಲ್ಲದ ಹೊಂದಿಕೆ, ಆದರೆ ಪರೀಕ್ಷೆಯ ಹಾಲಿನಲ್ಲಿ ಮರೆತುಹೋಗುವುದಿಲ್ಲ.

ಒಂದೇ ಮನೆಯಲ್ಲಿ ಮೂರನ್ನೂ ನೋಡಿ. ಹೆಂಚಿನ ಮಾಡು (ಛಾವಣಿ), ಅದರ ಮರದ ಪಕ್ಕಾಸು ರೀಪುಗಳಿಗೆ ಗೆದ್ದಲು ಹಿಡಿದಿದೆ. ಆಟಿ ತಿಂಗಳ ಮಳೆಗೆ ನಡುಮನೆಯಲ್ಲಿ ಮೂರು ಕಡೆ ಸೋರುತ್ತದೆ. ಅಮ್ಮ ಒಂದು ಕಡೆ ಬಾಲ್ದಿ, ಇನ್ನೊಂದು ಕಡೆ ಪಾತ್ರೆ ಇಟ್ಟು, ಚಾಪೆಯನ್ನು ಒಣಗಿದ ಮೂಲೆಗೆ ಎಳೆದುಕೊಂಡು ಮಲಗುತ್ತಾರೆ. ಮಳೆಗಾಲದ ನಡುವೆ ಮಾಡು ಬಿಚ್ಚುವ ಹಾಗಿಲ್ಲ, ಬೇರೆ ದಾರಿಯೂ ಇಲ್ಲ. ಅದು ಗ್ರಿನ್ ಆ್ಯಂಡ್ ಬೇರ್ ಇಟ್. ಮಾಡಿನ ರಿಪೇರಿಗೆಂದು ಇಟ್ಟ ದುಡ್ಡನ್ನು ಅಣ್ಣ ಯಾರಿಗೂ ಹೇಳದೆ ಬೈಕಿಗೆ ಹಾಕಿದ್ದ. ನೀರು ಗೋಡೆಗೆ ಇಳಿದ ದಿನ ಅಪ್ಪನ ಎದುರು ನಿಂತು ಎಲ್ಲವನ್ನೂ ಕೇಳಿಸಿಕೊಳ್ಳಬೇಕಾಯಿತು. ಅದು ಫೇಸ್ ದ ಮ್ಯೂಸಿಕ್, ತನ್ನದೇ ಕೆಲಸದ ಫಲ. ಮುಂದಿನ ಬೇಸಿಗೆಯಲ್ಲಿ, ಖರ್ಚಿಗೆ ಹೆದರಿ ವರ್ಷ ವರ್ಷ ಮುಂದೆ ಹಾಕುತ್ತಿದ್ದ ಅಪ್ಪ ಸಾಲ ಮಾಡಿ ಇಡೀ ಮಾಡನ್ನು ಹೊಸದಾಗಿ ಮಾಡಿಸಿಯೇ ಬಿಟ್ಟರು. ‘ಹಿ ಫೈನಲಿ ಬಿಟ್ ದ ಬುಲೆಟ್ ಆ್ಯಂಡ್ ರಿಪ್ಲೇಸ್ಡ್ ದ ರೂಫ್.’ ಈ ‘ಫೈನಲಿ’ಯನ್ನು ಗಮನಿಸಿ. ಮುಂದೂಡಿದ್ದಕ್ಕೆ ಅದೇ ಸಾಕ್ಷಿ. ಪ್ರಶ್ನೆಯಲ್ಲಿ ‘ಫೈನಲಿ’, ‘ಡಿಸೈಡೆಡ್ ಟು’, ‘ಹ್ಯಾವ್ ಟು ಜಸ್ಟ್’ ಕಂಡರೆ ಉತ್ತರ ಹೆಚ್ಚಾಗಿ ಇದೇ ಇರುತ್ತದೆ.

ಕರ್ತೃ ಯಾರು?

ಒಂದೇ ಘಟನೆಯಲ್ಲಿ ಒಬ್ಬರು ಬುಲೆಟ್ ಕಚ್ಚಿರಬಹುದು, ಪಕ್ಕದವರು ಕಚ್ಚಿರಲಿಕ್ಕಿಲ್ಲ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿನವರು ಆ ಎರಡು ತಿಂಗಳು ದಡದಲ್ಲಿರುವುದು ಬೈಟ್ ದ ಬುಲೆಟ್ ಅಲ್ಲ, ಅದು ಸರಕಾರದ ಆದೇಶ, ಅವರ ಆಯ್ಕೆಯಲ್ಲ. ಅದೇ ಬಿಡುವಿನಲ್ಲಿ ಒಬ್ಬರು, ತಂದೆಯ ಕಾಲದ ಬೋಟಿಗೆ ರಿಪೇರಿ ಮಾಡಿಸಿ ಮಾಡಿಸಿ ಸಾಕಾಗಿ, ಬೇಜಾರಿನಲ್ಲೇ ಅದನ್ನು ಮಾರಿದರೆ ಆಗ ಹೇಳಬಹುದು.

ಬ್ಯಾಂಕಿನ ಉದಾಹರಣೆ ನಮಗೆ ಇನ್ನೂ ಹತ್ತಿರ. ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ (1906) ಮತ್ತು ಸಿಂಡಿಕೇಟ್ ಬ್ಯಾಂಕ್ (1925) ಎರಡೂ 2020ರ ಏಪ್ರಿಲ್ 1ರಂದು ಕ್ರಮವಾಗಿ ಯೂನಿಯನ್ ಬ್ಯಾಂಕ್, ಕೆನರಾ ಬ್ಯಾಂಕ್‌ಗಳಲ್ಲಿ ವಿಲೀನವಾದವು. ‘ದ ಗವರ್ನಮೆಂಟ್ ಬಿಟ್ ದ ಬುಲೆಟ್ ಆ್ಯಂಡ್ ಮರ್ಜ್ಡ್ ದ ಬ್ಯಾಂಕ್ಸ್’ ಎಂಬ ವಾಕ್ಯ ವ್ಯಾಕರಣಕ್ಕೂ ಅರ್ಥಕ್ಕೂ ಸರಿ, ಯಾಕೆಂದರೆ ತೀರ್ಮಾನ ಸರಕಾರದ್ದು. ವಿಲೀನ ಬೇಕಿತ್ತೇ ಎಂಬುದು ಬೇರೆ ಚರ್ಚೆ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಅದಿನ್ನೂ ನೋಯುವ ಮಾತು. ಪಾಸ್‌ಬುಕ್, ಐಎಫ್‌ಎಸ್‌ಸಿ ಬದಲಿಸಿಕೊಳ್ಳಬೇಕಾಗಿ ಬಂದ ಗ್ರಾಹಕರನ್ನು ಕರ್ತೃ ಮಾಡಿ ಇದೇ ವಾಕ್ಯ ಬರೆದರೆ ಸರಿಯಾಗುವುದಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ವ್ಯಾಕರಣ, ಬೇಗ ಬೇಗ

ರೂಪಗಳು ಬೈಟ್, ಬಿಟ್, ಬಿಟನ್. ‘ದ’ ಬದಲಾಗುವುದಿಲ್ಲ: ‘ಎ ಬುಲೆಟ್’ ಇಲ್ಲ, ‘ಮೈ ಬುಲೆಟ್’ ಇಲ್ಲ, ಹತ್ತು ಜನ ಸೇರಿ ಕಚ್ಚಿದರೂ ‘ಬುಲೆಟ್ಸ್’ ಇಲ್ಲ. ‘ಆ್ಯಂಡ್’ ಹಾಕಿ ಮುಂದಿನ ಕ್ರಿಯಾಪದ ಸೇರಿಸುವುದು ಹೆಚ್ಚು ಬಳಕೆಯ ಜೋಡಣೆ, ಎರಡು ಕ್ರಿಯೆಗಳೂ ಒಂದೇ ಕಾಲದಲ್ಲಿರಬೇಕು. ವಿಷಯವನ್ನು ಹೇಳಬೇಕಾದರೆ ‘ಆನ್’ ಬುಲೆಟ್‌ನ ನಂತರ ಬರುತ್ತದೆ: ‘ಬೈಟ್ ದ ಬುಲೆಟ್ ಆನ್ ಫೀಸ್’. ‘ಮೂರು ವರ್ಷದಿಂದ ಬೈಟಿಂಗ್ ದ ಬುಲೆಟ್’ ಎಂದು ಬರೆಯಬೇಡಿ. ಗಳಿಗೆಯ ಕೆಲಸವನ್ನು ಮೂರು ವರ್ಷ ಎಳೆಯಲಿಕ್ಕೆ ಆಗುವುದಿಲ್ಲ.

ಸಾವಿನ ಮನೆಗೆ, ಕಾಯಿಲೆಯವರಿಗೆ ಬರೆಯುವ ಪತ್ರದಲ್ಲಿ ಈ ಮಾತು ಬೇಡವೇ ಬೇಡ. ದುಃಖದಲ್ಲಿರುವವರು ಏನನ್ನೂ ಆರಿಸಿಕೊಂಡಿರುವುದಿಲ್ಲ, ಅವರಿಗೆ ಇದು ಗದರಿದ ಹಾಗೆ ಕೇಳಿಸುತ್ತದೆ. ಮೇಲಧಿಕಾರಿಗೆ ‘ಪ್ಲೀಸ್ ಬೈಟ್ ದ ಬುಲೆಟ್’ ಎಂದು ಬರೆಯುವುದೂ ಹಾಗೆಯೇ. ಗೆಳೆಯನಿಗೆ ಹೇಳಬಹುದು, ಪತ್ರಿಕೆಯ ಲೇಖನದಲ್ಲಿ ಬರೆಯಬಹುದು.

ಹತ್ತಿರದ ವೇಷದವು: ‘ಬೈಟ್ ದ ಡಸ್ಟ್’ ಅಂದರೆ ಮಣ್ಣು ಮುಕ್ಕುವುದು, ಸೋಲುವುದು. ‘ಡಾಜ್ ಎ ಬುಲೆಟ್’ ಅಂದರೆ ಸ್ವಲ್ಪದರಲ್ಲಿ ಪಾರಾಗುವುದು. ಅಲ್ಲಿ ‘ಎ’ ಸರಿ. ‘ಬೈಟ್ ಯುವರ್ ಟಂಗ್’ ಅಂದರೆ ಬಾಯಿಗೆ ಬಂದ ಮಾತನ್ನು ತಡೆದುಕೊಳ್ಳುವುದು.

ಮುಂದೆ ತತ್ತ್ವಶಾಸ್ತ್ರ ಓದುವವರಿಗೆ ಇನ್ನೊಂದು ಅರ್ಥ ಸಿಗುತ್ತದೆ. ‘ಯಾವತ್ತೂ ಸುಳ್ಳು ಹೇಳಬಾರದು’ ಎಂದು ಒಬ್ಬರು ವಾದಿಸುತ್ತಾರೆ. ‘ಕೊಲೆಗಾರ ಬಾಗಿಲಿಗೆ ಬಂದು, ಅಡಗಿದವನು ಎಲ್ಲಿ ಎಂದು ಕೇಳಿದರೆ?’ ಎಂದು ಎದುರಿನವರು ಕೇಳುತ್ತಾರೆ. ‘ಆಗಲೂ ಸುಳ್ಳು ಹೇಳಬಾರದು’ ಎಂದು ಆ ಕಹಿ ಪರಿಣಾಮವನ್ನೂ ಒಪ್ಪಿಕೊಂಡು ತನ್ನ ವಾದಕ್ಕೇ ನಿಂತರೆ, ಅವರು ಬುಲೆಟ್ ಕಚ್ಚಿದರು ಎನ್ನುತ್ತಾರೆ.

ಅಭ್ಯಾಸಕ್ಕೆ ಎರಡು. ‘ಹಲ್ಲುನೋವಿಗೆ ಲವಂಗ ಇಟ್ಟುಕೊಂಡು ದಿನ ತಳ್ಳುತ್ತಿದ್ದವಳು ಕೊನೆಗೂ ಮಣಿಪಾಲಕ್ಕೆ ಹೋಗಿ ಹಲ್ಲು ಕೀಳಿಸಿಕೊಂಡಳು.’ ‘ಕೂರಲು ಜಾಗವಿಲ್ಲದೆ ಮಂಗಳೂರಿನಿಂದ ಉಡುಪಿವರೆಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತೇ ಬಂದಳು.’ ಮೊದಲನೆಯದರ ಕೊನೆಯನ್ನು ‘ಕೀಳಿಸಿಕೊಂಡೇ ಬಿಟ್ಟಳು’ ಎಂದು ಓದಿ ನೋಡಿ, ಎರಡನೆಯದಕ್ಕೆ ‘ಸಹಿಸಿಕೊಂಡಳು’ ಸೇರಿಸಿ ನೋಡಿ.