ಚಿತ್ರ ಅಸಲಿ, ಒಕ್ಕಣೆ ನಕಲಿ

‘ಮೇಡಂ, ಇದು ಎಐ ಮಾಡಿದ್ದಲ್ಲ ತಾನೇ?’ ಬೆಳಗ್ಗೆ ಫೋನ್ ಕೈಗೆತ್ತಿಕೊಂಡರೆ ನನಗೆ ಮೊದಲು ಕಾಣುವ ಪ್ರಶ್ನೆ ಸಾಮಾನ್ಯವಾಗಿ ಇದೇ. ಜತೆಗೊಂದು ಚಿತ್ರವಿರುತ್ತದೆ: ಹೆದ್ದಾರಿಯ ನೆರೆನೀರಿನಲ್ಲಿ ಈಜುವ ಶಾರ್ಕ್, ಹಿಮಾಲಯದಲ್ಲಿ ಅಪರೂಪಕ್ಕೆ ಅರಳುವ ಹೂವು, ಅಂತರಿಕ್ಷದಿಂದ ಕಂಡ ದೀಪಾವಳಿ. ಪತ್ರಿಕೆಗಳಿಗೆ, ಪ್ರಕಾಶಕರಿಗೆ, ಒಮ್ಮೊಮ್ಮೆ ಶಾಲೆಗಳಿಗೆ ಚಿತ್ರ ಮತ್ತು ವಿಡಿಯೊಗಳ ಸಾಚಾತನವನ್ನು ಪರಿಶೀಲಿಸಿಕೊಡುವುದು ನನ್ನ ವೃತ್ತಿ. ಇಷ್ಟು ವರ್ಷಗಳ ಅನುಭವದ ಬಳಿಕವೂ ಈ ಪ್ರಶ್ನೆಗೆ ‘ಅಲ್ಲ’ ಎಂದು ಒಂದೇ ಪದದಲ್ಲಿ ಉತ್ತರಿಸಲು ಈಚೆಗೆ ನಾನು ಹಿಂಜರಿಯುತ್ತೇನೆ. ಏಕೆಂದರೆ ‘ಚಿತ್ರವನ್ನು ಯಂತ್ರ ಸೃಷ್ಟಿಸಿಲ್ಲ’ ಎಂದು ನಾನು ಹೇಳಿದ್ದು, ‘ಚಿತ್ರದ ಕೆಳಗೆ ಬರೆದಿರುವುದೆಲ್ಲ ನಿಜ’ ಎಂದು ಕೇಳಿದವರ ಕಿವಿಗೆ ತಲಪುತ್ತದೆ.

ಕಳೆದ ಶ್ರಾವಣದಲ್ಲಿ ಶಿವಮೊಗ್ಗದ ನಮ್ಮ ಚಿಕ್ಕಪ್ಪ ‘ನಾಗಪುಷ್ಪ’ದ ಚಿತ್ರ ಕಳಿಸಿ, ‘ನೋಡಮ್ಮಾ, ಇದು ಎಡಿಟ್ ಮಾಡಿದ್ದಾ?’ ಎಂದು ಕೇಳಿದರು. ಮೂವತ್ತಾರು ವರ್ಷಗಳಿಗೊಮ್ಮೆ ಹಿಮಾಲಯದಲ್ಲಿ ಅರಳುವ, ಏಳು ಹೆಡೆಯ ಸರ್ಪವನ್ನು ಹೋಲುವ ಹೂವು ಎಂಬ ಒಕ್ಕಣೆ ಅದರ ಕೆಳಗಿತ್ತು. ‘ಎಡಿಟ್ ಮಾಡಿದ್ದಲ್ಲ ಚಿಕ್ಕಪ್ಪ’ ಎಂದು ಬರೆದೆ. ಅದರ ಹಿಂದೆಯೇ, ಅದು ಹೂವೇ ಅಲ್ಲ, ‘ಸೀ ಪೆನ್’ ಎಂಬ ಕಡಲಜೀವಿ, ಸಮುದ್ರತಳದ ಮರಳಿನಲ್ಲೋ ಕೆಸರಿನಲ್ಲೋ ಬುಡವನ್ನು ಊರಿಕೊಂಡು ನಿಲ್ಲುವ ನೂರಾರು ಸಣ್ಣ ಜೀವಿಗಳ ಒಂದು ಕುಟುಂಬ, ಹಳೆಯ ಕಾಲದ ಗರಿಯ ಲೇಖನಿಯಂತೆ ಕಾಣುವುದರಿಂದ ಆ ಹೆಸರು ಬಂತು ಎಂದು ಇನ್ನೊಂದು ಸಂದೇಶ ಕಳಿಸಿದೆ. ಸಂಜೆಯ ಹೊತ್ತಿಗೆ ನಮ್ಮ ಬಂಧುಬಳಗದ ಗುಂಪಿನಲ್ಲಿ ಅದೇ ಚಿತ್ರವಿತ್ತು. ಅದರ ಕೆಳಗೆ ನನ್ನ ಮೊದಲ ಸಂದೇಶದ ಸ್ಕ್ರೀನ್‌ಶಾಟ್ ಇತ್ತು, ‘ನಮ್ಮ ಮನೆಮಗಳೇ ಪರೀಕ್ಷಿಸಿ ಹೇಳಿದ್ದಾಳೆ’ ಎಂಬ ಹೆಮ್ಮೆಯ ಸಾಲೂ ಇತ್ತು. ಎರಡನೆಯ ಸಂದೇಶ ಎಲ್ಲಿಯೂ ಇರಲಿಲ್ಲ. ಚಿಕ್ಕಪ್ಪನಿಗೆ ಯಾರನ್ನೂ ಮೋಸಗೊಳಿಸುವ ಉದ್ದೇಶವಿರಲಿಲ್ಲ. ಅವರಿಗೆ ಇದ್ದ ಸಂಶಯ ಒಂದೇ, ಅದು ಪರಿಹಾರವಾಯಿತು, ಮುಂದಿನ ಸಂದೇಶವನ್ನು ಓದುವ ಅಗತ್ಯ ಅವರಿಗೆ ಕಾಣಲಿಲ್ಲ.

ಈ ಅಂಕಣದ ಮಾತು ಅಷ್ಟೇ. ಜಾಲದಲ್ಲಿ ಓಡಾಡುವ ವಿಚಿತ್ರ ಸುದ್ದಿಯೊಂದರಲ್ಲಿ ಎರಡು ಬೇರೆಬೇರೆ ವಸ್ತುಗಳಿರುತ್ತವೆ. ಒಂದು ಚಿತ್ರ, ಇನ್ನೊಂದು ಅದರ ಒಕ್ಕಣೆ. ಇವೆರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಚಿತ್ರದ ಪರೀಕ್ಷೆಯ ಫಲಿತಾಂಶವನ್ನು ಒಕ್ಕಣೆಗೆ ಅಂಟಿಸುವಂತಿಲ್ಲ. ಸಾಫ್ಟ್‌ವೇರ್‌ನಲ್ಲಿ ತಿದ್ದಿದ ಅಥವಾ ಯಂತ್ರವೇ ಹೆಣೆದ ಚಿತ್ರಗಳು ಇಲ್ಲವೆಂದಲ್ಲ. 2023ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರು ಉಬ್ಬಿದ ಬಿಳಿಯ ಜಾಕೆಟ್ ತೊಟ್ಟು ನಡೆಯುವ ಚಿತ್ರ ಲೋಕವನ್ನೆಲ್ಲ ಸುತ್ತಿದ್ದು, ಅದು ಮಿಡ್‌ಜರ್ನಿ ಎಂಬ ತಂತ್ರಾಂಶದ ಕೂಸು ಎಂದು ಬಯಲಾದದ್ದು ಅನೇಕರಿಗೆ ನೆನಪಿರಬಹುದು. ಆ ಚಿತ್ರದ ಬಳಿಕ ಜನ ಎಚ್ಚರಗೊಂಡರು, ಅದು ಒಳ್ಳೆಯದೇ ಆಯಿತು. ಆದರೆ ಎಚ್ಚರವೆಲ್ಲ ‘ಎಐಯೇ, ಅಲ್ಲವೇ’ ಎಂಬ ಒಂದೇ ಕಿಂಡಿಯಲ್ಲಿ ನಿಂತುಬಿಟ್ಟಿದೆ. ನನ್ನ ಮೇಜಿಗೆ ಬರುವ ಸುಳ್ಳು ಸುದ್ದಿಗಳಲ್ಲಿ ಬಹುಪಾಲಿನವು ಯಾರೂ ತಿದ್ದಿರದ ಹಳೆಯ ಚಿತ್ರಕ್ಕೆ ಹೊಸ ಒಕ್ಕಣೆ ಕಟ್ಟಿದಂಥವು. ಇದು ನನ್ನೊಬ್ಬಳ ಅನುಭವ, ಇದನ್ನು ಲೆಕ್ಕಾಚಾರವೆಂದು ಯಾರೂ ಬಳಸಬಾರದು.

ಇದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ ದೀಪಾವಳಿಯ ಆ ಉಪಗ್ರಹ ಚಿತ್ರ. ಕಪ್ಪು ಹಿನ್ನೆಲೆಯಲ್ಲಿ ಭಾರತದ ಆಕಾರ, ಅದರ ತುಂಬ ಬಿಳಿ, ನೀಲಿ, ಹಸಿರು, ಕೆಂಪು ಬೆಳಕಿನ ಚುಕ್ಕೆಗಳು. ‘ದೀಪಾವಳಿಯ ರಾತ್ರಿ ನಾಸಾ ತೆಗೆದ ಭಾರತದ ಚಿತ್ರ’ ಎಂಬ ಒಕ್ಕಣೆಯೊಂದಿಗೆ ಅದು ಪ್ರತಿವರ್ಷ ನರಕ ಚತುರ್ದಶಿಯ ಹಿಂದಿನ ದಿನ ತಪ್ಪದೆ ಬರುತ್ತದೆ. ಇದನ್ನು ಎಡಿಟ್ ಮಾಡಿದ ಚಿತ್ರವೆಂದು ತಳ್ಳಿಹಾಕುವವರೂ ಇದ್ದಾರೆ, ಅವರದೂ ತಪ್ಪು. ಇದು ವಿಜ್ಞಾನಿಯೊಬ್ಬರು ನಿಜವಾದ ಮಾಹಿತಿಯಿಂದ ರಚಿಸಿದ ಚಿತ್ರ. ಅಮೆರಿಕದ ರಕ್ಷಣಾ ಇಲಾಖೆಯ ಹವಾಮಾನ ಉಪಗ್ರಹಗಳು ಬೇರೆಬೇರೆ ವರ್ಷಗಳಲ್ಲಿ ದಾಖಲಿಸಿದ ರಾತ್ರಿಬೆಳಕನ್ನು ಒಂದರ ಮೇಲೊಂದು ಹೊಂದಿಸಿ, ಅಲ್ಲಿನ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾದ ಕ್ರಿಸ್ ಎಲ್ವಿಜ್ ಅವರು 2003ರಲ್ಲಿ ಇದನ್ನು ಸಿದ್ಧಪಡಿಸಿದರು. ಆ ಉಪಗ್ರಹಗಳು ದಾಖಲಿಸುತ್ತಿದ್ದುದು ಬೆಳಕು ಎಷ್ಟಿದೆ ಎಂಬುದನ್ನು ಮಾತ್ರ, ಬಣ್ಣವನ್ನಲ್ಲ. ಬಣ್ಣಗಳನ್ನು ಎಲ್ವಿಜ್ ಅವರು ಕಾಲದ ಗುರುತಾಗಿ ಕೊಟ್ಟರು. 1992ಕ್ಕೂ ಮೊದಲೇ ಕಾಣುತ್ತಿದ್ದ ಬೆಳಕಿಗೆ ಬಿಳಿ, 1992ರಲ್ಲಿ ಹೊಸದಾಗಿ ಕಂಡದ್ದಕ್ಕೆ ನೀಲಿ, 1998ರಲ್ಲಿ ಕಂಡದ್ದಕ್ಕೆ ಹಸಿರು, 2003ರಲ್ಲಿ ಕಂಡದ್ದಕ್ಕೆ ಕೆಂಪು. ಅಂದರೆ ನಾವು ಪಟಾಕಿಯ ಕಿಡಿ ಎಂದು ಭಾವಿಸಿದ ಕೆಂಪು ಚುಕ್ಕೆ, ಆ ದಶಕದಲ್ಲಿ ಬೆಳೆದು ಬೆಳಕು ಕಂಡ ಒಂದು ಊರು.

ಹಾಗಾದರೆ ದೀಪಾವಳಿಯ ವೇಳೆ ಭಾರತ ಮೇಲಿನಿಂದ ಹೇಗೆ ಕಾಣುತ್ತದೆ? 2012ರಲ್ಲಿ ನಾಸಾ ಆ ಚಿತ್ರವನ್ನೂ ಪ್ರಕಟಿಸಿತು. ಸುವೋಮಿ ಎನ್‌ಪಿಪಿ ಉಪಗ್ರಹವು ಆ ವರ್ಷದ ನವೆಂಬರ್ 12ರಂದು ತೆಗೆದ ಚಿತ್ರದಲ್ಲಿ ನಗರಗಳ ಬೆಳಕು ಎಂದಿನಂತೆ ಮಂಕಾಗಿ ಹರಡಿಕೊಂಡಿದೆ, ಅಷ್ಟೇ. ಹಬ್ಬದ ಹೆಚ್ಚುವರಿ ಬೆಳಕು ಎಷ್ಟು ಸೂಕ್ಷ್ಮವೆಂದರೆ ಅಂತರಿಕ್ಷದಿಂದ ಅದು ಬಹುಶಃ ಗೊತ್ತೇ ಆಗುವುದಿಲ್ಲ ಎಂದು ನಾಸಾ ಅದರೊಂದಿಗೆ ವಿವರಿಸಿತ್ತು. ಯೋಚಿಸಿದರೆ ಇದು ಸಹಜವೇ. ರಾತ್ರಿಯಿಡೀ ಉರಿಯುವ ಬೀದಿದೀಪ, ಕಾರ್ಖಾನೆ, ಹೆದ್ದಾರಿಗಳ ಬೆಳಕಿನ ಎದುರು ನಮ್ಮ ಹೊಸ್ತಿಲಿನ ಹಣತೆಯ ಪಾಲು ಎಷ್ಟು? ಇದನ್ನು ಹೇಳಿದಾಗ ಕೆಲವರಿಗೆ ಬೇಸರವಾಗುತ್ತದೆ, ಹಬ್ಬದ ಸಂಭ್ರಮವನ್ನು ನಾನು ಕಿತ್ತುಕೊಂಡೆನೆಂದು ಅವರಿಗೆ ಅನಿಸುತ್ತದೆ. ನನಗಂತೂ ಆ ಚಿತ್ರದ ನಿಜವಾದ ಒಕ್ಕಣೆ ಸುಳ್ಳು ಒಕ್ಕಣೆಗಿಂತ ಎಷ್ಟೋ ಪಾಲು ಸೊಗಸಾಗಿ ಕಾಣುತ್ತದೆ. ಒಂದು ದೇಶ ಹತ್ತು ವರ್ಷಗಳಲ್ಲಿ ಬೆಳೆದ ಬಗೆ ಒಂದೇ ನೋಟದಲ್ಲಿ ಸಿಗುವುದೆಂದರೆ ಸಣ್ಣ ಸಂಗತಿಯಲ್ಲ.

ಶಾರ್ಕ್‌ನ ಕಥೆ ಇದರ ಇನ್ನೊಂದು ಮಗ್ಗುಲು. ಛಾಯಾಗ್ರಾಹಕ ಥಾಮಸ್ ಪೆಶಾಕ್ ಅವರು 2003ರಲ್ಲಿ ದಕ್ಷಿಣ ಆಫ್ರಿಕಾದ ಕಡಲಿನಲ್ಲಿ ಒಂದು ಚಿತ್ರ ತೆಗೆದರು. ಪುಟ್ಟ ಕಯಾಕ್ ದೋಣಿಯಲ್ಲಿ ಕುಳಿತ ಸಂಶೋಧಕ ಹಿಂತಿರುಗಿ ನೋಡುತ್ತಿದ್ದಾನೆ, ಅವನ ಬೆನ್ನಹಿಂದೆಯೇ ತಿಳಿನೀರಿನಲ್ಲಿ ದೊಡ್ಡದೊಂದು ಬಿಳಿ ಶಾರ್ಕ್. ಚಿತ್ರ ಪ್ರಕಟವಾದಾಗ ಇದು ಕೃತಕವೆಂದು ಎಷ್ಟೋ ಮಂದಿ ವಾದಿಸಿದರು, ಆದರೆ ಅದು ಸಂಪೂರ್ಣ ಅಸಲಿ. ಮುಂದೆ ಯಾರೋ ಆ ಶಾರ್ಕನ್ನು ಕತ್ತರಿಸಿ ತೆಗೆದು ನೆರೆನೀರು ತುಂಬಿದ ರಸ್ತೆಯ ಚಿತ್ರಕ್ಕೆ ಅಂಟಿಸಿದರು. 2011ರಲ್ಲಿ ಐರೀನ್ ಚಂಡಮಾರುತದ ವೇಳೆ ಅದನ್ನು ಪೋರ್ಟೊರಿಕೊದ ಬೀದಿ ಎಂದರು. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಅದೇ ಶಾರ್ಕ್ ಹ್ಯೂಸ್ಟನ್‌ಗೆ ಬಂದಿತ್ತು. ಹೀಗೆ ಅಸಲಿ ಚಿತ್ರವನ್ನು ನಕಲಿಯೆಂದು ದೂರಿದರು, ಅದರಿಂದ ಹುಟ್ಟಿದ ನಕಲಿಯನ್ನು ಅಸಲಿಯೆಂದು ನಂಬಿದರು.

ಇಲ್ಲಿಗೆ ಮುಗಿದಿದ್ದರೆ ಪಾಠ ಸರಳವಾಗುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾದ ಫೋರ್ಟ್ ಮೈಯರ್ಸ್ ನಗರವನ್ನು ಅಪ್ಪಳಿಸಿದಾಗ, ನೆರೆ ಬಂದ ಹಿತ್ತಿಲಿನಲ್ಲಿ ಶಾರ್ಕ್‌ನಂಥ ಮೀನೊಂದು ಒದ್ದಾಡುವ ವಿಡಿಯೊ ಬಂತು. ಹಳೆಯ ಕಥೆಯನ್ನು ಬಲ್ಲವರೆಲ್ಲ ‘ಇದು ಅದೇ ಹಳೆಯ ಮೋಸ’ ಎಂದುಬಿಟ್ಟರು. ಸುದ್ದಿಸಂಸ್ಥೆ ಎಪಿ ಮೂಲ ಕಡತವನ್ನು ಪಡೆದು ಅದರೊಳಗಿನ ಸಮಯದ ಗುರುತನ್ನು ಪರಿಶೀಲಿಸಿತು. ವಿಡಿಯೊ ಅದೇ ದಿನ ಬೆಳಗ್ಗೆ ತೆಗೆದದ್ದೇ ಆಗಿತ್ತು. ಮೀನು ಯಾವ ಜಾತಿಯದೆಂಬ ವಿಷಯದಲ್ಲಿ ತಜ್ಞರು ತುಸು ಹಿಂಜರಿದರು, ಬಹುಶಃ ಶಾರ್ಕ್ ಮರಿಯೇ ಇರಬೇಕೆಂದವರೂ ಇದ್ದರು. ವೃತ್ತಿಯಲ್ಲಿರುವವರು ಮಾತಾಡಬೇಕಾದದ್ದು ಹೀಗೆಯೇ ಎಂದು ನನ್ನ ಭಾವನೆ. ದಿನಾಂಕ ಖಚಿತವಾದರೆ ದಿನಾಂಕ ಖಚಿತ ಎನ್ನಬೇಕು, ಜಾತಿ ಖಚಿತವಾಗದಿದ್ದರೆ ಅದನ್ನೂ ಹೇಳಬೇಕು.

ಸಮಯದ ಗುರುತಿನ ಮಾತು ಬಂದದ್ದರಿಂದ ಒಂದು ಕೋರಿಕೆ. ನನಗೆ ಚಿತ್ರ ಕಳಿಸುವವರು ದಯವಿಟ್ಟು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಬೇಕು. ಫೋಟೊ ಎಂದು ಕಳಿಸಿದಾಗ ಆ್ಯಪ್ ಅದನ್ನು ಕುಗ್ಗಿಸುತ್ತದೆ, ಯಾವ ಕ್ಯಾಮೆರಾ, ಯಾವ ದಿನ, ಯಾವ ಸ್ಥಳ ಎಂಬ ಮಾಹಿತಿಯನ್ನೂ ಕಳಚಿಹಾಕುತ್ತದೆ. ಹತ್ತು ಕೈ ದಾಟಿ ಬಂದ ಚಿತ್ರವನ್ನು ಎಐ ಪತ್ತೆಹಚ್ಚುವ ಸಾಧನಕ್ಕೆ ಕೊಟ್ಟು ‘ನೂರಕ್ಕೆ ಎಪ್ಪತ್ತು ಎಂದು ತೋರಿಸಿತು’ ಎನ್ನುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಅದು ಯಂತ್ರದ ಅಂದಾಜು, ಚಿತ್ರ ಕುಗ್ಗಿದಷ್ಟೂ ಆ ಅಂದಾಜು ಸಡಿಲವಾಗುತ್ತದೆ.

ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯದ ಬಗ್ಗೆಯೂ ಇಂಥದೇ ಗೊಂದಲವಿದೆ. ಒಂದು ಚಿತ್ರ ಜಾಲದಲ್ಲಿ ಎಲ್ಲೆಲ್ಲಿ ಕಾಣಿಸಿಕೊಂಡಿದೆ ಎಂಬುದನ್ನು ಮಾತ್ರ ಅದು ತೋರಿಸುತ್ತದೆ. ಹದಿನಾಲ್ಕು ಕಡೆ ಒಂದೇ ಒಕ್ಕಣೆ ಸಿಕ್ಕಿತೆಂದರೆ ಹದಿನಾಲ್ಕು ಸಾಕ್ಷಿಗಳು ಸಿಕ್ಕರು ಎಂದಲ್ಲ, ಒಬ್ಬರಿಂದ ಹದಿಮೂರು ಮಂದಿ ನಕಲು ಮಾಡಿರುವ ಸಾಧ್ಯತೆಯೇ ಹೆಚ್ಚು. ಹಿಂದೊಮ್ಮೆ ಪ್ರಕಾಶಕರೊಬ್ಬರು ಮಕ್ಕಳ ಪುಸ್ತಕಕ್ಕೆಂದು, ಪತಂಗವೊಂದನ್ನು ಟೇಪಿನಿಂದ ಅಂಟಿಸಿದ ದಿನಚರಿ ಪುಟದ ಚಿತ್ರ ತಂದರು. ‘ಜಗತ್ತಿನ ಮೊದಲ ಕಂಪ್ಯೂಟರ್ ಬಗ್, ಗ್ರೇಸ್ ಹಾಪರ್ ಕಂಡುಹಿಡಿದರು, ಬಗ್ ಎಂಬ ಪದ ಹುಟ್ಟಿದ್ದು ಇಲ್ಲಿಂದ’ ಎಂಬ ಒಕ್ಕಣೆ ಎಲ್ಲ ಕಡೆಯೂ ಇದೆ, ಆದ್ದರಿಂದ ನಿಜ ಎಂಬುದು ಅವರ ನಂಬಿಕೆ. (ಬಗ್ ಎಂದರೆ ಹುಳು, ಕಂಪ್ಯೂಟರಿನ ದೋಷಕ್ಕೂ ಅದೇ ಹೆಸರು. ಹಾಪರ್ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ.) ಚಿತ್ರವನ್ನು ದೊಡ್ಡದು ಮಾಡಿ ಪುಟದಲ್ಲಿರುವ ಕೈಬರಹವನ್ನು ಅವರಿಂದಲೇ ಓದಿಸಿದೆ. ಅದು 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಎಂಬ ಕಂಪ್ಯೂಟರಿನ ದಿನಚರಿ. ಪುಟದಲ್ಲಿದ್ದುದು ಸೆಪ್ಟೆಂಬರ್ 9, ಮಧ್ಯಾಹ್ನ 3.45, ಎಫ್ ಪ್ಯಾನೆಲ್‌ನ ಎಪ್ಪತ್ತನೆಯ ರಿಲೇ (ವಿದ್ಯುತ್ ಸ್ವಿಚ್) ಒಳಗೆ ಪತಂಗ. ಅದರ ಕೆಳಗೆ ‘ಫಸ್ಟ್ ಆ್ಯಕ್ಚುವಲ್ ಕೇಸ್ ಆಫ್ ಬಗ್ ಬೀಯಿಂಗ್ ಫೌಂಡ್’. ‘ನಿಜವಾದ ಹುಳು ಸಿಕ್ಕ ಮೊದಲ ಪ್ರಸಂಗ’ ಎಂದು ಆ ಯಂತ್ರದ ಕೆಲಸಗಾರರು ಬರೆದರೆಂದರೆ, ದೋಷಕ್ಕೆ ‘ಹುಳು’ ಎನ್ನುವ ರೂಢಿ ಮೊದಲೇ ಇದ್ದಿರಲೇಬೇಕಲ್ಲವೇ? ಥಾಮಸ್ ಎಡಿಸನ್ 1878ರ ಪತ್ರದಲ್ಲಿಯೇ ಆ ಪದವನ್ನು ಈ ಅರ್ಥದಲ್ಲಿ ಬಳಸಿದ್ದಾರೆ. ಹಾಪರ್ ಅವರು ಈ ಪ್ರಸಂಗವನ್ನು ಹೇಳಿ ಹೇಳಿ ಪ್ರಸಿದ್ಧಗೊಳಿಸಿದರು, ಹುಳುವನ್ನು ಹಿಡಿದವರು ತಾವೆಂದು ಅವರು ಹೇಳಿಕೊಳ್ಳಲಿಲ್ಲ. ಪುಟವೂ ಪತಂಗವೂ ಇಂದು ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿವೆ. ಒಕ್ಕಣೆ ತಪ್ಪೆಂಬುದಕ್ಕೆ ಪುರಾವೆ ಚಿತ್ರದ ಒಳಗೇ ಇತ್ತು. ಪ್ರಕಾಶಕರು ಎರಡು ನಿಮಿಷ ಸುಮ್ಮನಿದ್ದು, ಅಧ್ಯಾಯದ ಹೆಸರನ್ನೇ ಬದಲಾಯಿಸುತ್ತೇನೆ ಎಂದರು.

ಈ ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ನನ್ನನ್ನು ಒಂದು ಪ್ರೌಢಶಾಲೆಗೆ ಕರೆದಿದ್ದರು. ಮುಖ್ಯೋಪಾಧ್ಯಾಯರ ಕೋಣೆಯ ಹೊರಗೋಡೆಯಲ್ಲಿ ಅದೇ ‘ದೀಪಾವಳಿಯ ಭಾರತ’, ಗಾಜಿನ ಚೌಕಟ್ಟಿನೊಳಗೆ. ಮಕ್ಕಳಿಗೆ ನಿಜ ಸಂಗತಿ ತಿಳಿಸಿದ ಮೇಲೆ ಮುಖ್ಯೋಪಾಧ್ಯಾಯರು ಸಂಕೋಚದಿಂದ ಅದನ್ನು ಇಳಿಸಲು ಹೇಳಿದರು. ಚಿತ್ರವನ್ನು ಇಳಿಸುವುದು ಬೇಡ, ಕೆಳಗಿನ ಚೀಟಿಯನ್ನು ಬದಲಾಯಿಸಿದರೆ ಸಾಕು ಎಂದು ನಾನು ಕೇಳಿಕೊಂಡೆ. ವಿಜ್ಞಾನದ ಮೇಷ್ಟ್ರು ಹಳೆಯ ಚೀಟಿಯನ್ನು ಬ್ಲೇಡಿನಿಂದ ನಿಧಾನವಾಗಿ ಕೆರೆದು ತೆಗೆದರು, ನಾಲ್ಕು ಬಣ್ಣ ಮತ್ತು ನಾಲ್ಕು ಕಾಲವನ್ನು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ‘ಮೇಡಂ, ನಮ್ಮೂರು ಇದರಲ್ಲಿ ಯಾವ ಬಣ್ಣ?’ ಎಂದು ಕೇಳಿದಳು. ಇಷ್ಟು ಸಣ್ಣ ಚಿತ್ರದಲ್ಲಿ ಒಂದು ಹಳ್ಳಿಯನ್ನು ಖಚಿತವಾಗಿ ಗುರುತಿಸಲು ಬಾರದು, ಚುಕ್ಕೆ ಕಾಣದಿದ್ದರೆ ಕರೆಂಟ್ ಇರಲಿಲ್ಲ ಎಂದೂ ಅರ್ಥವಲ್ಲ ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು, ಆದರೆ ಕದಲಲಿಲ್ಲ. ಬೆಂಗಳೂರಿನ ಬಿಳಿಯ ಮೇಲೆ ಬೆರಳಿಟ್ಟು, ಅಲ್ಲಿಂದ ತಮ್ಮೂರಿನ ಬಸ್ಸು ಬರುವ ದಾರಿಯನ್ನು ಮನಸ್ಸಿನಲ್ಲಿ ಹಿಡಿದು, ಒಂದೊಂದೇ ಚುಕ್ಕೆ ದಾಟುತ್ತ ವಾಯವ್ಯಕ್ಕೆ ಬೆರಳು ಸರಿಸತೊಡಗಿದಳು.