ವಿದೇಶದ ಡೆಂಟಲ್ ಪರೀಕ್ಷೆ: ಕ್ಲಿನಿಕ್ ಬಿಟ್ಟು ಓದಬೇಡಿ

ಬಿಡಿಎಸ್ ಅನ್ನುವ ದಂತವೈದ್ಯ ಪದವಿ ಮುಗಿಸಿ ಹೊರದೇಶದ ಕನಸು ಕಟ್ಟಿಕೊಂಡವರು ನನ್ನ ಹತ್ತಿರ ಬಂದಾಗ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಸರ್, ಕೆಲಸ ಬಿಟ್ಟು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಪೂರ್ತಿ ಓದೋಕೆ ಕೂತ್ಕೊಳ್ಳಲಾ?" ಕೇಳುವವರು ಬೆಳಗಾವಿಯಲ್ಲಿ ಓದಿರಲಿ, ಬಾಗಲಕೋಟೆಯಲ್ಲಿ ಓದಿರಲಿ, ವಿಜಯಪುರದಲ್ಲಿ ಓದಿರಲಿ, ನನ್ನ ಉತ್ತರ ಬದಲಾಗುವುದಿಲ್ಲ. ಬೇಡ. ಈಗ ಕೆಲಸ ಮಾಡುತ್ತಿರುವ ಕ್ಲಿನಿಕ್ಕಿನಲ್ಲೇ ಇದ್ದು ಓದಿ. ಕೊನೆಯ ಎರಡು ಮೂರು ತಿಂಗಳು ರಜೆ ಹಾಕಿದರೆ ಸಾಕು.

ಯಾಕೆ ಅಂತ ಹೇಳುವ ಮೊದಲು, ಹೊರಗೆ ದಂತವೈದ್ಯರಾಗಿ ಕೆಲಸ ಮಾಡಲು ಯಾವ ದೇಶ ಏನು ಕೇಳುತ್ತದೆ ಅನ್ನುವುದನ್ನು ಬೇಗ ಮುಗಿಸಿಬಿಡುತ್ತೇನೆ. ಆಸ್ಟ್ರೇಲಿಯಾದಲ್ಲಿ ಪರೀಕ್ಷೆ ನಡೆಸುವ ಎಡಿಸಿ ಅನ್ನುವ ಮಂಡಳಿ ಮೊದಲು ಕಾಗದಪತ್ರ ನೋಡುತ್ತದೆ. ಆಮೇಲೆ ಎರಡು ದಿನದ ಲಿಖಿತ ಪರೀಕ್ಷೆ, 280 ಪ್ರಶ್ನೆ. ಅದು ಪಾಸಾದರೆ ಮೆಲ್ಬರ್ನಿನಲ್ಲಿ ಪ್ರಾಕ್ಟಿಕಲ್. ಅಲ್ಲಿ ನೋಂದಣಿ ಸಿಕ್ಕರೆ ನ್ಯೂಜಿಲೆಂಡಿನ ಬಾಗಿಲೂ ತೆರೆದ ಹಾಗೆ. ಕೆನಡಾದಲ್ಲಿ ಪರೀಕ್ಷೆ ನಡೆಸುವುದು ಎನ್‌ಡಿಇಬಿ ಮಂಡಳಿ. ಮೊದಲು ಮೂಲಜ್ಞಾನದ ಪರೀಕ್ಷೆ, ಮುಂದೆ ಒಟ್ಟಾವಾ ನಗರದಲ್ಲಿ ಕೈಕೆಲಸದ ಪರೀಕ್ಷೆ. ಹೊರದೇಶದ ದಂತವೈದ್ಯರಿಗೆ ಬ್ರಿಟನ್ ಇಟ್ಟಿರುವ ಒಆರ್‌ಇ ಪರೀಕ್ಷೆ ಎರಡು ಭಾಗದ್ದು. ಒಂದೊಂದು ಭಾಗಕ್ಕೂ ನಾಲ್ಕೇ ಅವಕಾಶ. ಓದುವುದಕ್ಕಿಂತ ಸೀಟು ಸಿಗುವುದೇ ಅಲ್ಲಿ ಕಷ್ಟ. ಕೊಲ್ಲಿ ದೇಶಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ, ಜೊತೆಗೆ ಡೇಟಾಫ್ಲೋ ಅನ್ನುವ ಕಾಗದಪತ್ರದ ತಪಾಸಣೆ.

ಅಮೆರಿಕದ ವಿಷಯದಲ್ಲಿ ಮಾತ್ರ ತುಂಬಾ ಜನ ಮೋಸ ಹೋಗುತ್ತಾರೆ. ಐಎನ್‌ಬಿಡಿಇ ಪಾಸಾದರೆ ಲೈಸೆನ್ಸ್ ಬಂತು ಅಂದುಕೊಳ್ಳುತ್ತಾರೆ. 500 ಪ್ರಶ್ನೆಗಳ ಈ ಪರೀಕ್ಷೆ ಬರೀ ಮೊದಲ ಮೆಟ್ಟಿಲು. ಹೆಚ್ಚಿನ ರಾಜ್ಯಗಳಲ್ಲಿ ಅಲ್ಲಿನ ಮಾನ್ಯತೆ ಪಡೆದ ಕಾಲೇಜಿಗೆ ಸೇರಿ ಮತ್ತೆ ಎರಡು ಮೂರು ವರ್ಷ ಓದಬೇಕು. ಆ ಫೀಸು ಕೇಳಿದರೆ ಊರಲ್ಲಿ ಹೊಲ ಇದ್ದವರೂ ಒಮ್ಮೆ ಯೋಚನೆ ಮಾಡುತ್ತಾರೆ. ಲೆಕ್ಕ ಹಾಕಿಯೇ ಹೆಜ್ಜೆ ಇಡಿ.

ಈಗ ವಿಷಯಕ್ಕೆ ಬರೋಣ. ಲಿಖಿತ ಪರೀಕ್ಷೆಯನ್ನು ಕೋಣೆಯಲ್ಲಿ ಕೂತು ಓದಿ ಪಾಸು ಮಾಡಬಹುದು. ನಮ್ಮ ಹುಡುಗರು ಅದರಲ್ಲಿ ಹುಷಾರು. ಅವರು ಬೀಳುವುದು ಎರಡನೆಯ ಹಂತದಲ್ಲಿ. ಅಲ್ಲಿ ನಿಮಗೆ ಎಷ್ಟು ಗೊತ್ತು ಅಂತ ಯಾರೂ ಕೇಳುವುದಿಲ್ಲ. ಈ ಡಾಕ್ಟರ ಕೈಗೆ ರೋಗಿಯನ್ನು ಬಿಟ್ಟರೆ ಅಪಾಯ ಇದೆಯಾ ಇಲ್ವಾ, ಅಷ್ಟೇ ನೋಡುತ್ತಾರೆ. ಅದು ಅಭ್ಯಾಸದಿಂದ ಬರುವಂಥದ್ದು. ವರ್ಷಗಟ್ಟಲೆ ರೋಗಿಯನ್ನೇ ಮುಟ್ಟದೆ ಪ್ರಶ್ನೆಪತ್ರಿಕೆ ಬಿಡಿಸುತ್ತಾ ಕೂತವರ ಕೈ ಪರೀಕ್ಷೆಯ ದಿನ ಮಾತು ಕೇಳುವುದಿಲ್ಲ. ಒಆರ್‌ಇಗೆ ಅರ್ಜಿ ಹಾಕುವವರು ತಾವೇ ರೋಗಿಗಳಿಗೆ ಚಿಕಿತ್ಸೆ ಕೊಟ್ಟ 1600 ಗಂಟೆಗಳ ಅನುಭವ ತೋರಿಸಬೇಕು. ಆ ನಿಯಮ ಸುಮ್ನೆ ಇಟ್ಟಿದ್ದಲ್ಲ.

ಕೈಕೆಲಸವನ್ನೇ ತೆಗೆದುಕೊಳ್ಳಿ. ಪರೀಕ್ಷೆ ನಡೆಯುವುದು ಮ್ಯಾನಿಕಿನ್ ಅನ್ನುವ ತಲೆಯ ಬೊಂಬೆಯ ಮೇಲೆ, ಪ್ಲಾಸ್ಟಿಕ್ ಹಲ್ಲಿನಲ್ಲಿ. ನಿಜವಾದ ಹಲ್ಲಿನಲ್ಲಿ ಹೊರಪದರ ಎನಾಮೆಲ್ ಗಟ್ಟಿ, ಒಳಪದರ ಡೆಂಟಿನ್ ಮೆದು. ಬರ್ (ಕೊರೆಯುವ ಮೊನೆ) ಎಲ್ಲಿದೆ ಅಂತ ಬೆರಳಿಗೇ ತಿಳಿಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಆ ಸುಳಿವು ಇಲ್ಲ. ಸ್ವಲ್ಪ ಒತ್ತಿದರೆ ಬೆಣ್ಣೆಯ ಹಾಗೆ ಒಳಗೆ ಹೋಗಿಬಿಡುತ್ತದೆ. ಜೊತೆಗೆ ನಾವಿಲ್ಲಿ ಬಳಸುವುದು ಏರೋಟರ್, ಅಂದರೆ ಗಾಳಿಯ ಒತ್ತಡದಿಂದ ಓಡುವ, ಹಲ್ಲು ಕೊರೆಯುವ ಹ್ಯಾಂಡ್‌ಪೀಸ್. ಜಾಸ್ತಿ ಒತ್ತಿದರೆ ಅದರ ವೇಗ ತಾನೇ ಇಳಿಯುತ್ತದೆ, ಕೈ ತಪ್ಪಿದರೂ ಹಲ್ಲು ಉಳಿಯುತ್ತದೆ. ಎಲೆಕ್ಟ್ರಿಕ್ ಹ್ಯಾಂಡ್‌ಪೀಸ್ ಹಾಗಲ್ಲ. ಒತ್ತಿದಷ್ಟೂ ಕೊರೆಯುತ್ತದೆ. ಯಾವ ಪರೀಕ್ಷೆಗೆ ಯಾವ ಕಂಪನಿಯ ಹಲ್ಲು, ಯಾವ ಹ್ಯಾಂಡ್‌ಪೀಸ್ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ತಿಳಿದುಕೊಂಡು ಅದೇ ಹಲ್ಲನ್ನು ತರಿಸಿ. ಅಗ್ಗದ ಹಲ್ಲಿನ ಮೇಲೆ ಮಾಡಿದ ಅಭ್ಯಾಸ ಅರ್ಧ ದಂಡ.

ಇನ್ನು ಪಕ್ಕದ ಹಲ್ಲು. ಕ್ರೌನಿಗೆ, ಅಂದರೆ ಹಲ್ಲಿನ ಮೇಲೆ ಕೂರಿಸುವ ಕವಚಕ್ಕೆ, ಹಲ್ಲು ಕೊರೆಯುವಾಗ ಪಕ್ಕದ ಹಲ್ಲಿಗೆ ಬರ್ ತಾಗಿದರೆ ನಮ್ಮ ಕ್ಲಿನಿಕ್ಕುಗಳಲ್ಲಿ ಸ್ವಲ್ಪ ಪಾಲಿಶ್ ಮಾಡಿ ಸುಮ್ಮನಾಗುತ್ತಾರೆ. ರೋಗಿಗೂ ಗೊತ್ತಾಗುವುದಿಲ್ಲ. ಪರೀಕ್ಷೆಯಲ್ಲಿ ಅದೇ ನಿಮ್ಮನ್ನು ಕೆಡವಬಹುದು. ಮೇಲಿನ ದವಡೆ ಹಲ್ಲನ್ನು ಕನ್ನಡಿಯಲ್ಲಿ ನೋಡಿ ಕೆಲಸ ಮಾಡುವುದು ಇನ್ನೊಂದು ಕಥೆ. ನಮ್ಮವರು ಕತ್ತು ಬಗ್ಗಿಸಿ ನೇರವಾಗಿ ನೋಡುತ್ತಾರೆ. ಮ್ಯಾನಿಕಿನ್ನಿನ ತಲೆಯನ್ನು ಬೇಕಾದ ಹಾಗೆ ತಿರುಗಿಸಿಕೊಳ್ಳುವವರೂ ಇದ್ದಾರೆ. ಬದುಕಿರುವ ಮನುಷ್ಯನ ಕತ್ತು ಹಾಗೆ ತಿರುಗುತ್ತಾ? ಪರೀಕ್ಷಕರು ಅದನ್ನೂ ಬರೆದುಕೊಳ್ಳುತ್ತಾರೆ. ಕೊಳಕು ಗ್ಲೌಸಿನಲ್ಲಿ ಡ್ರಾಯರ್ ಎಳೆದದ್ದನ್ನೂ ಬರೆದುಕೊಳ್ಳುತ್ತಾರೆ.

ಈ ಎಲ್ಲ ಅಭ್ಯಾಸವನ್ನೂ ನಾಳೆ ಬೆಳಗ್ಗೆ ನಿಮ್ಮ ಮೊದಲ ರೋಗಿಯಿಂದಲೇ ಶುರು ಮಾಡಬಹುದು. ಪ್ರತಿ ರೂಟ್ ಕೆನಾಲಿಗೂ ರಬ್ಬರ್ ಡ್ಯಾಮ್ (ಹಲ್ಲನ್ನು ಬಾಯಿಯ ಉಳಿದ ಭಾಗದಿಂದ ಬೇರೆ ಮಾಡುವ ರಬ್ಬರ್ ಹಾಳೆ) ಹಾಕಿ. "ಟೈಮ್ ಇಲ್ಲ, ಹೊರಗೆ ಪೇಶಂಟ್ ಕಾಯ್ತಿದ್ದಾರೆ" ಅಂತ ಮಾಲೀಕರು ಗೊಣಗುತ್ತಾರೆ. ಗೊಣಗಲಿ ಬಿಡಿ. ಕೈ ಪಳಗಿದ ಮೇಲೆ ಅದಕ್ಕೆ ಹಿಡಿಯುವುದು ಒಂದೆರಡು ನಿಮಿಷ.

ಚಿಕಿತ್ಸೆಯ ನಿರ್ಧಾರಗಳಲ್ಲಿ ನಮ್ಮವರು ಎಡವುವುದು ಆಂಟಿಬಯಾಟಿಕ್‌ನಲ್ಲಿ. ನಮ್ಮ ಕಡೆ ಹಲ್ಲುನೋವು ಅಂತ ಬಂದವರಿಗೆಲ್ಲ ಐದು ದಿನದ ಮಾತ್ರೆ ಬರೆದುಕೊಡುವುದು ರೂಢಿ. ರೋಗಿಯೂ ಅದನ್ನೇ ಕೇಳುತ್ತಾನೆ. ಪಲ್ಪ್ (ಹಲ್ಲಿನೊಳಗೆ ನರ ಇರುವ ಮೆದು ಭಾಗ) ಉರಿಯೂತದ ನೋವಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಹಲ್ಲಿಗೆ ಚಿಕಿತ್ಸೆ ಆಗಬೇಕು, ಜೊತೆಗೆ ನೋವಿನ ಮಾತ್ರೆ. ಇದು ನಮ್ಮ ಪುಸ್ತಕದಲ್ಲೂ ಇದೆ. ಅಮೆರಿಕದ ಡೆಂಟಲ್ ಅಸೋಸಿಯೇಷನ್ 2019ರ ಮಾರ್ಗಸೂಚಿಯಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿದೆ. ಆದರೂ ಪರೀಕ್ಷೆಯಲ್ಲಿ ಕೈ ತಾನಾಗಿಯೇ ಆ ಮಾತ್ರೆಯ ಕಡೆ ಹೋಗುತ್ತದೆ. ದಿನವೂ ಬರೆದು ಬರೆದು ಆದ ಅಭ್ಯಾಸ ಅದು.

ಇನ್ನೂ ಸೂಕ್ಷ್ಮದ ಜಾಗ ಒಂದಿದೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡ ರೋಗಿ ಹಲ್ಲು ಕೀಳಿಸಲು ಬಂದ ಅಂದುಕೊಳ್ಳಿ. ಬಾಯಿಯಿಂದ ಹೃದಯಕ್ಕೆ ಸೋಂಕು ತಗಲದಿರಲಿ ಅಂತ, ಅಮೆರಿಕದ ಹಾರ್ಟ್ ಅಸೋಸಿಯೇಷನ್ ಪ್ರಕಾರ ಹಲ್ಲು ಕೀಳುವುದಕ್ಕೆ 30ರಿಂದ 60 ನಿಮಿಷ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಆಂಟಿಬಯಾಟಿಕ್, ಒಂದೇ ಡೋಸು. ಪೆನಿಸಿಲಿನ್ ಅಲರ್ಜಿ ಇದ್ದರೆ ಹಿಂದೆ ಕ್ಲಿಂಡಮೈಸಿನ್ ಹೇಳುತ್ತಿದ್ದರು. 2021ರಲ್ಲಿ ಅದನ್ನು ಕೈಬಿಟ್ಟರು. ಹಳೆಯ ನೋಟ್ಸ್ ಓದುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ನೈಸ್ ಸಂಸ್ಥೆಯ ಮಾರ್ಗಸೂಚಿ 2008ರಿಂದ ಬೇರೆಯೇ. ಹಲ್ಲಿನ ಚಿಕಿತ್ಸೆಗೆ ಮುಂಚೆ ಹೀಗೆ ಮಾಮೂಲಾಗಿ ಆಂಟಿಬಯಾಟಿಕ್ ಕೊಡಬೇಡಿ ಅನ್ನುತ್ತದೆ ಅದು. ಹಾಗಂತ ಕವಾಟದ ರೋಗಿಯನ್ನು ಸುಮ್ನೆ ಬಿಡುವ ಹಾಗೂ ಇಲ್ಲ. ಹೃದಯದ ಡಾಕ್ಟರ ಜೊತೆ, ರೋಗಿಯ ಜೊತೆ ಮಾತಾಡಿ ತೀರ್ಮಾನಿಸಬೇಕು. ಅದೇ ರೋಗಿ, ಅದೇ ಹಲ್ಲು, ಎರಡು ಉತ್ತರ. ಅದಕ್ಕೇ ನಾನು ಎರಡು ದೇಶಕ್ಕೆ ಒಟ್ಟಿಗೆ ಓದಬೇಡಿ ಅನ್ನುವುದು. ಹಲ್ಲಿಗೆ ಕೊಡುವ ನಂಬರ್ ಕೂಡ ಬೇರೆ. ನಾವು 36 ಅನ್ನುವ ಹಲ್ಲು ಅಮೆರಿಕದಲ್ಲಿ 19.

ಹಾಗೇ ಫ್ಲೋರೈಡ್. ಬಾಗಲಕೋಟೆ, ವಿಜಯಪುರ ಕಡೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕಂದು ಕಲೆಯ ಹಲ್ಲು ನೋಡುತ್ತಲೇ ನಮ್ಮ ವಿದ್ಯಾರ್ಥಿಗಳು ಓದು ಮುಗಿಸುತ್ತಾರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವ ನಮ್ಮ ದೇಶದ ಮಿತಿ ಬಾಯಿಪಾಠ. ಫ್ಲೋರೈಡ್ ಅಂದರೆ ಅವರ ತಲೆಯಲ್ಲಿ ಕಾಟ ಅಂತಲೇ ಕೂತಿರುತ್ತದೆ. ಹೊರಗಿನ ಪರೀಕ್ಷೆಯಲ್ಲಿ ಕಥೆ ಉಲ್ಟಾ. ಅಮೆರಿಕದಲ್ಲಿ ನಲ್ಲಿ ನೀರಿಗೆ ಲೀಟರಿಗೆ 0.7 ಮಿಲಿಗ್ರಾಂ ಇರುವ ಹಾಗೆ ಫ್ಲೋರೈಡ್ ಸೇರಿಸಿ ಅಂತ 2015ರಲ್ಲಿ ಹೇಳಿದವರು ಸರ್ಕಾರದವರೇ. ಹುಳುಕು ಜಾಸ್ತಿ ಇರುವ ಮಗುವಿನ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಹಚ್ಚಬೇಕು ಅನ್ನುವುದು ಸರಿ ಉತ್ತರ. ಇಲ್ಲಿನ ಹುಡುಗರು ಅಲ್ಲಿ ತಡವರಿಸುವುದನ್ನು ನೋಡಿದ್ದೇನೆ. ಬಾಯಿಯ ಹುಣ್ಣು, ಕ್ಯಾನ್ಸರ್ ವಿಷಯದಲ್ಲಿ ಮಾತ್ರ ನಮ್ಮವರನ್ನು ಮೀರಿಸುವವರಿಲ್ಲ. ಗುಟ್ಕಾ, ಎಲೆ ಅಡಿಕೆ ತಿಂದು ಎರಡು ಬೆರಳೂ ಹೋಗದ ಹಾಗೆ ಬಾಯಿ ಮುಚ್ಚಿಹೋದವರನ್ನು ಅವರು ವಾರವಾರ ನೋಡಿರುತ್ತಾರೆ. ಆ ಪ್ರಶ್ನೆಗೆ ಪುಸ್ತಕ ಬೇಕಾಗಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಮಾತು. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ವಿದ್ಯಾರ್ಥಿ ಓದುವುದು ಇಂಗ್ಲಿಷಿನಲ್ಲಿ. ರೋಗಿಯ ಜೊತೆ ಮಾತಾಡುವುದು ಕನ್ನಡದಲ್ಲಿ, ಬೆಳಗಾವಿಯಲ್ಲಾದರೆ ಮರಾಠಿಯಲ್ಲೂ. ಅಜ್ಜಿಗೆ ರೂಟ್ ಕೆನಾಲ್ ಅಂದರೇನು ಅಂತ ಕನ್ನಡದಲ್ಲಿ ಚೆಂದ ವಿವರಿಸುವ ಹುಡುಗಿ, ಓಸ್ಕಿ ಪರೀಕ್ಷೆಯಲ್ಲಿ (ಒಂದೊಂದು ಸ್ಟೇಷನ್ನಿನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ) ರೋಗಿಯ ವೇಷದಲ್ಲಿ ಕೂತ ನಟನ ಮುಂದೆ ಪಠ್ಯಪುಸ್ತಕ ಒಪ್ಪಿಸುತ್ತಾಳೆ. ಯಾಕೆಂದರೆ ಅವಳು ಇಂಗ್ಲಿಷಿನಲ್ಲಿ ಯಾವತ್ತೂ ಒಬ್ಬ ರೋಗಿಗೆ ಏನನ್ನೂ ವಿವರಿಸಿಲ್ಲ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಬ್ಯಾಂಡ್ ಬಂದರೂ ಈ ಕೊರತೆ ತುಂಬುವುದಿಲ್ಲ. ನಾನು ಹೇಳುವ ಉಪಾಯ ಸಣ್ಣದು. ಮನೆಯಲ್ಲಿ ಡಾಕ್ಟರಲ್ಲದ, ಇಂಗ್ಲಿಷ್ ಬರುವ ತಮ್ಮನೋ ತಂಗಿಯೋ ಇರುತ್ತಾರಲ್ಲ, ಅವರನ್ನು ಕೂರಿಸಿಕೊಂಡು ವಿವರಿಸಿ. ಅವರು "ಏನು ಹೇಳಿದೆ, ಅರ್ಥ ಆಗ್ಲಿಲ್ಲ" ಅಂದಾಗ ಇನ್ನೂ ಸರಳ ಮಾಡಿ.

ಇನ್ನೊಂದು, ಯಾರ ಜೊತೆ ಮಾತಾಡಬೇಕು ಅನ್ನುವುದು. ನಮ್ಮಲ್ಲಿ ರೋಗಿಯ ಜೊತೆ ಮಗ, ಸೊಸೆ, ಊರ ಹಿರಿಯರು ಎಲ್ಲರೂ ಬರುತ್ತಾರೆ. ಹಲ್ಲು ಉಳಿಸಬೇಕಾ ಕೀಳಬೇಕಾ ಅಂತ ಡಾಕ್ಟರು ಕೇಳುವುದು ಮಗನನ್ನು. ಅಲ್ಲಿ ಹಾಗೆ ಮಾಡಿದರೆ ಆ ಸ್ಟೇಷನ್ ಹೋದಂತೆಯೇ. ಕುರ್ಚಿಯಲ್ಲಿ ಕೂತವರನ್ನೇ ಕೇಳಬೇಕು. ಏನೇನು ಆಯ್ಕೆ, ಏನೇನು ಅಪಾಯ, ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ, ಎಲ್ಲ ಹೇಳಿ, ಅವರು ಬೇಡ ಅಂದರೆ ಅದನ್ನು ಒಪ್ಪಿ, ಕೇಸ್ ಪೇಪರಿನಲ್ಲಿ ಬರೆಯಬೇಕು. ನಿಮ್ಮ ಕ್ಲಿನಿಕ್ಕಿನಲ್ಲಿ ಇದನ್ನು ಮಾಡಲು ಯಾರ ಅಪ್ಪಣೆಯೂ ಬೇಡ ಅಲ್ವಾ?

ಕೊನೆಗೆ ಕಾಗದಪತ್ರ. ಮದುವೆಯಾಗಿ ಗಂಡನ ಜೊತೆ ಹೊರಟ ಹುಡುಗಿಯರು ಹೆಚ್ಚು ಒದ್ದಾಡುವುದು ಇದರಲ್ಲಿ. ವಿಮಾನ ಹತ್ತುವ ಮೊದಲೇ ಟ್ರಾನ್ಸ್‌ಕ್ರಿಪ್ಟ್, ಎಲ್ಲ ವರ್ಷದ ಅಂಕಪಟ್ಟಿ, ಇಂಟರ್ನ್‌ಶಿಪ್ ಪ್ರಮಾಣಪತ್ರ ಕೈಯಲ್ಲಿರಲಿ. ಅಲ್ಲಿಂದ ಫೋನು ಮಾಡಿ ಜಯನಗರದ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಅಪ್ಪನನ್ನು ಓಡಿಸುವುದು ಬೇಡ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಮದುವೆಯ ನಂತರ ಗಂಡನ ಅಡ್ಡಹೆಸರು. ಮೂರೂ ಒಬ್ಬರೇ ಅಂತ ಒಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ರಿಂದ ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಹಳೆಯ ಡಿಗ್ರಿಯಲ್ಲಿ ಒಂದು, ಹೊಸ ಪಾಸ್‌ಪೋರ್ಟಿನಲ್ಲಿ ಇನ್ನೊಂದು. ವಿದೇಶದ ಗುಮಾಸ್ತರಿಗೆ ಇದು ಎರಡು ಊರಿನ ಹಾಗೆ ಕಾಣುತ್ತದೆ. ಅರ್ಜಿಯ ಜೊತೆ ಎರಡು ಸಾಲಿನ ವಿವರಣೆ ಹಾಕಿದರೆ ಮುಗಿಯಿತು. ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ಗುಡ್ ಸ್ಟ್ಯಾಂಡಿಂಗ್ ಪತ್ರವನ್ನು (ನಿಮ್ಮ ನೋಂದಣಿ ಸರಿಯಾಗಿದೆ, ನಿಮ್ಮ ಮೇಲೆ ದೂರಿಲ್ಲ ಅನ್ನುವ ಪತ್ರ) ಮಾತ್ರ ಎಲ್ಲಕ್ಕಿಂತ ಕೊನೆಗೆ ತೆಗೆದುಕೊಳ್ಳಿ. ಹೊರಗಿನ ಮಂಡಳಿಗಳು ಕೆಲವೇ ತಿಂಗಳ ಹಿಂದಿನ ಪತ್ರವನ್ನಷ್ಟೇ ಒಪ್ಪುತ್ತವೆ. ಅವಸರಪಟ್ಟು ಮೊದಲೇ ತಂದಿಟ್ಟರೆ ಮತ್ತೆ ದುಡ್ಡು ಕಟ್ಟಿ ಹೊಸದು ತರಬೇಕಾಗುತ್ತದೆ.